ಒಂದೇ ಮನೆತನ, ಆರು ಸ್ವಭಾವ

ಗೊರಗುಂಟೆಪಾಳ್ಯದ ಕೂಡುರಸ್ತೆಯಲ್ಲಿ ಹಗಲಿರುಳೆನ್ನದೆ ಸದ್ದು. ತುಮಕೂರಿನ ಕಡೆಯಿಂದ ಬರುವ ಲಾರಿಗಳು, ಹೊರವರ್ತುಲ ರಸ್ತೆಯ ಬಸ್ಸುಗಳು, ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೊರಟ ಜನ, ಎಲ್ಲರ ತಲೆಯ ಮೇಲೆ ಹಾದುಹೋಗುವ ಮೆಟ್ರೊ ರೈಲು. ಈ ಗದ್ದಲದಿಂದ ಎರಡು ಓಣಿಗಳಷ್ಟು ಒಳಗಿರುವ ಒಂದು ಮನೆಯನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಅಂತಹ ಮನೆ ಅಲ್ಲಿ ಒಂದಲ್ಲ, ನೂರಾರು ಇವೆ.

ನಡುಮನೆಯ ಮೂಲೆಯಲ್ಲಿ, ಮಹಡಿಯ ಮೆಟ್ಟಿಲಿನ ಬುಡದಲ್ಲಿಯೇ, ಮೊಮ್ಮಗನು ತನ್ನ ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ತಂದಿಟ್ಟು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದಾನೆ. ಅಡುಗೆಮನೆಯಲ್ಲಿ ಅಜ್ಜಿ ಹೊಸ ಉಪ್ಪಿನ ಪೊಟ್ಟಣವೊಂದನ್ನು ಒಡೆಯುತ್ತಿದ್ದಾರೆ. ರಕ್ತದೊತ್ತಡಕ್ಕೆ ಒಳ್ಳೆಯದೆಂದು ನೆರೆಮನೆಯವರು ಹೇಳಿದ, ಸೋಡಿಯಂ ಕಡಿಮೆಯಿರುವ ಉಪ್ಪು ಅದು. ಕಿಟಕಿಯ ಬಳಿ ಕುಳಿತ ಮೊಮ್ಮಗಳು ಪಿ.ಯು.ಸಿ. ವಿದ್ಯಾರ್ಥಿನಿ. ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಾಳೆ: “ಕ್ಷಾರ ಲೋಹಗಳ ಗುಂಪಿನಲ್ಲಿ ಮೇಲಿನಿಂದ ಕೆಳಗೆ ಹೋದಂತೆ ಕ್ರಿಯಾಶೀಲತೆ ಹೆಚ್ಚುತ್ತದೆ.” ಹತ್ತು ಸಲ ಹೇಳಿ ಮುಗಿಸಿ ಪುಟ ತಿರುವುತ್ತಾಳೆ; ಅಲ್ಲಿ ಇನ್ನೊಂದು ಪಟ್ಟಿ. ನೀರಿನ ದ್ರಾವಣದಲ್ಲಿ ಲೋಹಗಳು ಎಲೆಕ್ಟ್ರಾನನ್ನು ಬಿಟ್ಟುಕೊಡುವ ಒಲವನ್ನು ವೋಲ್ಟುಗಳಲ್ಲಿ ಅಳೆದು ಬರೆದ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿರುವುದು ಗುಂಪಿನ ಮೇಲ್ತುದಿಯ ಲಿಥಿಯಂ! ಹಾಗಾದರೆ ಇಷ್ಟು ಹೊತ್ತು ಬಾಯಿಪಾಠ ಮಾಡಿದ್ದು ಸುಳ್ಳೆ?

ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹುಡುಗಿಯ ಈ ಪ್ರಶ್ನೆ, ಅಜ್ಜಿಯ ಉಪ್ಪು, ಮೆಟ್ಟಿಲಿನ ಬುಡದ ಬ್ಯಾಟರಿ, ಇವು ಮೂರೂ ಒಂದೇ ಮನೆತನಕ್ಕೆ ಸೇರಿದ ಸಂಗತಿಗಳೆಂಬುದು ಆ ಮನೆಯ ಯಾರಿಗೂ ಇನ್ನೂ ಹೊಳೆದಿಲ್ಲ.

ಬೂದಿಯಿಂದ ಬಂದ ಹೆಸರು

ಆವರ್ತ ಕೋಷ್ಟಕದ ಎಡಬದಿಯ ಮೊದಲ ಕಂಬಸಾಲು ಈ ಮನೆತನದ್ದು. ಅದರ ನೆತ್ತಿಯ ಮೇಲೆ ಜಲಜನಕವನ್ನು ಕೂರಿಸುವ ವಾಡಿಕೆಯುಂಟು. ಅದು ಲೋಹವಲ್ಲ, ಅನಿಲ. ಬಂದು ಕುಳಿತ ಅತಿಥಿಯೆಂದು ಅದನ್ನು ಅಲ್ಲಿಯೇ ಬಿಡಬಹುದು. ಅದರ ಕೆಳಗೆ ಕ್ರಮವಾಗಿ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ ಎಂಬ ಆರು ಮಂದಿ ಒಡಹುಟ್ಟಿದವರು.

ಕ್ಷಾರವೆಂಬುದು ನಮ್ಮ ಮನೆಗಳಿಗೆ ಹೊಸದಲ್ಲ. ಸೌದೆಯ ಒಲೆಯ ಬೂದಿಯಿಂದ ಪಾತ್ರೆ ತಿಕ್ಕಿದ ಗೃಹಿಣಿಯರಿಗೂ, ಚೌಳು ಮಣ್ಣಿನಲ್ಲಿ ಬಟ್ಟೆಯನ್ನು ಅದ್ದಿ ಒಗೆದ ಮಡಿವಾಳರಿಗೂ ಅದರ ಗುಣ ಚೆನ್ನಾಗಿ ಗೊತ್ತಿತ್ತು. ಜಿಡ್ಡನ್ನು ಬಿಡಿಸುವುದು ಕ್ಷಾರದ ಧರ್ಮ. ಸೌದೆಯ ಬೂದಿಯಲ್ಲಿ ಹೆಚ್ಚಾಗಿರುವುದು ಪೊಟ್ಯಾಸಿಯಂ. ಚೌಳು ಮಣ್ಣಿನಲ್ಲಿ ಸೋಡಿಯಂ. ಅರಬ್ಬರು ಗಿಡಗಳ ಬೂದಿಯಿಂದ ತೆಗೆದ ಕ್ಷಾರಕ್ಕೆ ಇಟ್ಟ ಹೆಸರೇ ಯುರೋಪಿನ ಭಾಷೆಗಳಲ್ಲಿ ‘ಆಲ್ಕಲಿ’ ಆಯಿತು. ಹೀಗೆ ಬೂದಿಯೇ ಈ ಮನೆತನಕ್ಕೆ ನಾಮಕರಣ ಮಾಡಿತು.

ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿ ಊರೊಳಗಿನ ಕಡೆಗೆ ಹೊರಟರೆ ಯಶವಂತಪುರದ ನಂತರ ಬರುವ ನಿಲ್ದಾಣದ ಹೆಸರು ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಉದ್ಯಮ ಮೊದಲಾಯಿತು. ರಸಾಯನಜ್ಞರಾದ ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು, ೧೯೧೮ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಕಾರ್ಖಾನೆ ಈಗಿರುವ ಕಡೆಗೆ ಬಂದದ್ದು ೧೯೫೭ರಲ್ಲಿ. ಪರಿಮಳ ಗಂಧದ್ದಾದರೂ ಸಾಬೂನಿನ ಒಡಲು ಕ್ಷಾರದ್ದೇ. ಎಣ್ಣೆಗೆ ಕಾಸ್ಟಿಕ್ ಸೋಡವನ್ನು, ಎಂದರೆ ಸೋಡಿಯಮ್ಮಿನ ಕ್ಷಾರವನ್ನು, ಸೇರಿಸಿ ಬೇಯಿಸಿದರೆ ಗಟ್ಟಿಯಾದ ಬಿಲ್ಲೆಯ ಸಾಬೂನು ಬರುತ್ತದೆ. ಅದೇ ಎಣ್ಣೆಗೆ ಪೊಟ್ಯಾಸಿಯಮ್ಮಿನ ಕ್ಷಾರವನ್ನು ಬೆರೆಸಿದರೆ ಬರುವುದು ಮೆತ್ತನೆಯ ಸಾಬೂನು. ಗಡ್ಡ ಹೆರೆಯುವ ಮುಲಾಮಿಗೂ ದ್ರವ ಸಾಬೂನಿಗೂ ಅದು ಒಗ್ಗುತ್ತದೆ. ಅಣ್ಣನಿದ್ದ ಜಾಗದಲ್ಲಿ ತಮ್ಮನನ್ನು ನಿಲ್ಲಿಸಿದರೆ ಕೆಲಸ ನಡೆಯುತ್ತದೆ, ಆದರೆ ಬೇರೆ ರೀತಿಯಲ್ಲಿ ನಡೆಯುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟಿರುವುದು ಒಳ್ಳೆಯದು.

ಇಷ್ಟು ಪರಿಚಿತವಾದ ವಸ್ತುವಿನೊಳಗೆ ಒಂದು ಲೋಹ ಅಡಗಿದೆಯೆಂದು ತೋರಿಸಿಕೊಟ್ಟವನು ಹಂಫ್ರಿ ಡೇವಿ. ೧೮೦೭ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಆತನು ಪೊಟ್ಯಾಷಿನೊಳಗೆ ವಿದ್ಯುತ್ತನ್ನು ಹಾಯಿಸಿದಾಗ ಪಾದರಸದಂತೆ ಹೊಳೆಯುವ ಸಣ್ಣ ಗುಂಡುಗಳು ಮೂಡಿ, ಕೆಲವು ಮೇಲೆ ಬಂದೊಡನೆ ಸಿಡಿದು ಉರಿದವು. ಅದನ್ನು ಕಂಡು ಡೇವಿ ಹರ್ಷದಿಂದ ಕೋಣೆಯ ತುಂಬ ಕುಣಿದಾಡಿದನೆಂದು, ಆತನಿಗೆ ನೆರವಾಗುತ್ತಿದ್ದ ಬಂಧುವೇ ಬರೆದಿಟ್ಟಿದ್ದಾನೆ. ಕೆಲವೇ ದಿನಗಳಲ್ಲಿ ಸೋಡಿಯಮ್ಮೂ ಕೈಗೆ ಬಂತು. ಲಿಥಿಯಮ್ಮನ್ನು ೧೮೧೭ರಲ್ಲಿ ಆರ್ಫ್ವೆಡ್ಸನ್ ಒಂದು ಖನಿಜದಲ್ಲಿ ಗುರುತಿಸಿದನು. ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ಜೋಡಿ ೧೮೬೦ರಲ್ಲಿ ಸೀಸಿಯಮ್ಮನ್ನೂ ೧೮೬೧ರಲ್ಲಿ ರುಬಿಡಿಯಮ್ಮನ್ನೂ, ಜ್ವಾಲೆಯ ಬೆಳಕನ್ನು ಒಡೆದು ನೋಡಿ, ನೀಲಿ ಮತ್ತು ಕೆಂಪು ಗೆರೆಗಳಿಂದಲೇ ಕಂಡುಹಿಡಿದರು. ಕಿರಿಯವನಾದ ಫ್ರಾನ್ಸಿಯಂ ೧೯೩೯ರವರೆಗೆ ಕಾದಿದ್ದು ಮಾರ್ಗರೀತ್ ಪೆರೆ ಎಂಬ ಫ್ರೆಂಚ್ ಮಹಿಳೆಯ ಕಣ್ಣಿಗೆ ಬಿತ್ತು.

ನೀರಿನ ಪರೀಕ್ಷೆ

ಈ ಲೋಹಗಳಲ್ಲಿ ಒಂದಾದರೂ ಭೂಮಿಯಲ್ಲಿ ಒಂಟಿಯಾಗಿ ಸಿಕ್ಕುವುದಿಲ್ಲ. ಚಿನ್ನವು ಕೋಲಾರದ ಕಲ್ಲಿನಲ್ಲಿ ಚಿನ್ನವಾಗಿಯೇ ಕೋಟ್ಯಂತರ ವರ್ಷ ಇದ್ದೀತು. ಸೋಡಿಯಂ ಒಂದು ಹಗಲು ಕೂಡ ಬಯಲಿನಲ್ಲಿ ಸೋಡಿಯಮ್ಮಾಗಿ ಉಳಿಯದು. ಆದುದರಿಂದಲೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತಾರೆ. ಚಾಕುವಿನಿಂದ ಬೆಣ್ಣೆಗಡ್ಡೆಯಂತೆ ಕತ್ತರಿಸಬಹುದು. ಕತ್ತರಿಸಿದ ಮೈ ಬೆಳ್ಳಿಯಂತೆ ಹೊಳೆದು, ನೋಡುತ್ತಿದ್ದಂತೆಯೇ ಮಂಕಾಗುತ್ತದೆ.

ಕಡಲೆಕಾಳಿಗಿಂತ ಚಿಕ್ಕ ಚೂರುಗಳನ್ನು ಅಧ್ಯಾಪಕರು ತಕ್ಕ ಎಚ್ಚರಿಕೆಯಿಂದ ನೀರಿಗೆ ಹಾಕಿ ತೋರಿಸುವುದುಂಟು. ಲಿಥಿಯಂ ನೀರಿನ ಮೇಲೆ ತೇಲುತ್ತ, ಗುಳ್ಳೆಗಳನ್ನು ಬಿಡುತ್ತ, ಸಾವಧಾನವಾಗಿ ಸವೆಯುತ್ತದೆ. ಸೋಡಿಯಂ ಕೂಡಲೇ ಕರಗಿ ಮುತ್ತಿನಂತಹ ಗುಂಡಾಗಿ, ಬುಸ್ಸೆನ್ನುತ್ತ ನೀರಿನ ಮೇಲೆಲ್ಲ ಓಡಾಡುತ್ತದೆ. ಪೊಟ್ಯಾಸಿಯಂ ನೀರು ಮುಟ್ಟಿದ್ದೇ ತಡ, ಹೊರಬಂದ ಜಲಜನಕ ಹೊತ್ತಿ ನೇರಳೆಯ ಉರಿ ಏಳುತ್ತದೆ. ರುಬಿಡಿಯಮ್ಮನ್ನೂ ಸೀಸಿಯಮ್ಮನ್ನೂ ಯಾವ ಕಾಲೇಜಿನಲ್ಲಿಯೂ ಹೀಗೆ ತೋರಿಸುವಂತಿಲ್ಲ. ಗಾಳಿ ಸೋಕದಂತೆ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟ ಇವು ನೀರಿಗಿಂತ ಭಾರವಾದುದರಿಂದ ತೇಲುವುದಿಲ್ಲ. ಮುಳುಗುತ್ತಲೇ ಸಿಡಿದು ಪಾತ್ರೆಯನ್ನು ಒಡೆಯಬಲ್ಲವು. ಫ್ರಾನ್ಸಿಯಮ್ಮಿನ ಚೂರನ್ನು ನೀರಿಗೆ ಹಾಕಿದವರೇ ಇಲ್ಲ; ಏಕೆಂದರೆ ಅದರ ಆಯುಷ್ಯ ಬಹಳ ಅಲ್ಪ. ಎಷ್ಟೇ ಇದ್ದರೂ ೨೨ ನಿಮಿಷಗಳಲ್ಲಿ ಅರ್ಧ ಅಳಿದುಹೋಗುತ್ತದೆ.

ಹೀಗೆ ಕಣ್ಣಿಗೆ ಕಾಣುವ ಪರೀಕ್ಷೆಯಲ್ಲಿ ಹುಡುಗಿಯ ಬಾಯಿಪಾಠವೇ ಸರಿ. ಕೆಳಗೆ ಇಳಿದಂತೆ ಆತುರ ಹೆಚ್ಚುತ್ತದೆ. ಏಕೆ?

ಹರಿಕಥೆಯ ಕೊನೆಯ ಸಾಲು

ರಾಮೋತ್ಸವದ ಚಪ್ಪರದಲ್ಲಿ ಹರಿಕಥೆ ನಡೆಯುತ್ತಿದೆಯೆಂದು ಭಾವಿಸೋಣ. ದಾಸರು ನಡುವೆ ನಿಂತು ಹಾಡುತ್ತಿದ್ದಾರೆ. ಸುತ್ತಲೂ ಶ್ರೋತೃಗಳು ಸುತ್ತುಸುತ್ತಾಗಿ ಕುಳಿತಿದ್ದಾರೆ. ಒಳಗಿನ ಸುತ್ತಿನವರು ಕದಲುವವರಲ್ಲ. ಆದರೆ ಎಲ್ಲರಿಗಿಂತ ಹೊರಗೆ, ಛತ್ರಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬನೇ ಒಬ್ಬನು ನಿಂತಿದ್ದಾನೆ. ದಾರಿಯಲ್ಲಿ ಹೋಗುವವರು ಯಾರಾದರೂ ಕರೆದರೆ ಆತನು ಹೊರಟೇ ಹೋದಾನು.

ಕ್ಷಾರ ಲೋಹದ ಪರಮಾಣು ಇಂತಹ ಚಪ್ಪರ. ದಾಸರ ಸ್ಥಾನದಲ್ಲಿ ನ್ಯೂಕ್ಲಿಯಸ್, ಶ್ರೋತೃಗಳ ಸ್ಥಾನದಲ್ಲಿ ಎಲೆಕ್ಟ್ರಾನುಗಳು. ಈ ಮನೆತನದ ಆರೂ ಮಂದಿಯಲ್ಲಿ ಹೊರಸುತ್ತಿನಲ್ಲಿರುವುದು ಒಂದೇ ಎಲೆಕ್ಟ್ರಾನು. ಅವರ ಸ್ವಭಾವಸಾಮ್ಯಕ್ಕೆ ಅದೇ ಮೂಲ. ಲಿಥಿಯಮ್ಮಿನಲ್ಲಿ ಎರಡು ಸುತ್ತುಗಳು, ಸೋಡಿಯಮ್ಮಿನಲ್ಲಿ ಮೂರು, ಪೊಟ್ಯಾಸಿಯಮ್ಮಿನಲ್ಲಿ ನಾಲ್ಕು, ಸೀಸಿಯಮ್ಮಿಗೆ ಬರುವ ಹೊತ್ತಿಗೆ ಆರು. ದಾಸರ ಕಂಠವೂ ಅದೇ ಪ್ರಮಾಣದಲ್ಲಿ ಏರುತ್ತದೆ, ನಿಜ. ನ್ಯೂಕ್ಲಿಯಸ್ಸಿನ ವಿದ್ಯುದಂಶ ಲಿಥಿಯಮ್ಮಿನಲ್ಲಿ ೩, ಸೋಡಿಯಮ್ಮಿನಲ್ಲಿ ೧೧, ಪೊಟ್ಯಾಸಿಯಮ್ಮಿನಲ್ಲಿ ೧೯, ಸೀಸಿಯಮ್ಮಿನಲ್ಲಿ ೫೫. ಆದರೆ ನಡುವೆ ಕುಳಿತವರೂ ಹೆಚ್ಚಿದ್ದಾರಷ್ಟೆ? ಸೀಸಿಯಮ್ಮಿನ ಹೊರಗಿನವನಿಗೂ ನ್ಯೂಕ್ಲಿಯಸ್ಸಿಗೂ ನಡುವೆ ೫೪ ಎಲೆಕ್ಟ್ರಾನುಗಳ ಮರೆ. ಹೊರಗೆ ನಿಂತವನ ಕಿವಿಗೆ ಬೀಳುವ ಧ್ವನಿ ಅಷ್ಟಿಷ್ಟೇ. ಅದರ ಮೇಲೆ ಆತನು ದೂರವನ್ನೂ ಹೆಚ್ಚಿಸಿಕೊಂಡಿದ್ದಾನೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ಲೋಹದಲ್ಲಿ ಲಿಥಿಯಂ ಪರಮಾಣುವಿನ ತ್ರಿಜ್ಯ ೧೫೨ ಪಿಕೋಮೀಟರ್. ಸೋಡಿಯಮ್ಮಿನದು ೧೮೬, ಪೊಟ್ಯಾಸಿಯಮ್ಮಿನದು ೨೨೭, ಸೀಸಿಯಮ್ಮಿನದು ೨೬೫. ಒಂದು ಪಿಕೋಮೀಟರ್ ಎಂದರೆ ಮಿಲಿಮೀಟರಿನ ನೂರು ಕೋಟಿಯ ಒಂದು ಪಾಲು. ಹೊರಗಿನ ಆ ಒಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯಲು ಬೇಕಾದ ಶಕ್ತಿ, ಮೋಲ್ ಒಂದಕ್ಕೆ, ಲಿಥಿಯಮ್ಮಿನಲ್ಲಿ ೫೨೦ ಕಿಲೋಜೌಲ್, ಸೋಡಿಯಮ್ಮಿನಲ್ಲಿ ೪೯೬, ಪೊಟ್ಯಾಸಿಯಮ್ಮಿನಲ್ಲಿ ೪೧೯, ರುಬಿಡಿಯಮ್ಮಿನಲ್ಲಿ ೪೦೩, ಸೀಸಿಯಮ್ಮಿನಲ್ಲಿ ೩೭೬. ದೂರ ಏರಿದಂತೆ ಹಿಡಿತ ಇಳಿದಿದೆ. ಲೋಹಗಳ ಕರಗುವ ಉಷ್ಣತೆಯೂ ಹಾಗೆಯೇ: ಲಿಥಿಯಂ ೧೮೦ ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗಿದರೆ, ಸೋಡಿಯಂ ೯೮ರ ಹತ್ತಿರ, ಪೊಟ್ಯಾಸಿಯಂ ೬೪ರ ಹತ್ತಿರ, ಸೀಸಿಯಂ ೨೮ರಷ್ಟರಲ್ಲಿಯೇ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಸೀಸಿಯಂ ಗಾಜಿನ ಕೊಳವೆಯೊಳಗೆ ದ್ರವವಾಗಿಬಿಡುತ್ತದೆ.

ಹಾಗಾದರೆ ಕಟ್ಟಕಡೆಯ ಫ್ರಾನ್ಸಿಯಂ ಇನ್ನೂ ಸಡಿಲವಿರಬೇಕಲ್ಲವೆ? ಅಲ್ಲಿಯೇ ಪ್ರಕೃತಿ ಒಂದು ತಿರುವು ಕೊಟ್ಟಿದೆ. ಆ ಅಂಕಿ ೩೯೩. ಸೀಸಿಯಮ್ಮಿಗಿಂತ ತುಸು ಹೆಚ್ಚು. ನ್ಯೂಕ್ಲಿಯಸ್ ಅಷ್ಟು ಭಾರವಾದಾಗ ಅದರ ಸಮೀಪಕ್ಕೆ ಸುಳಿಯುವ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ದೊಡ್ಡ ಪಾಲನ್ನು ಮುಟ್ಟುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯ ನಿಯಮದಂತೆ ಅವು ಒಳಕ್ಕೆ ಸೆಳೆಯಲ್ಪಡುತ್ತವೆ. ಆದಕಾರಣ ಎಲೆಕ್ಟ್ರಾನನ್ನು ಎಲ್ಲರಿಗಿಂತ ಸುಲಭವಾಗಿ ಬಿಡುವವನೆಂಬ ಬಿರುದು ಸೀಸಿಯಮ್ಮಿಗೇ ಸಲ್ಲಬೇಕು.

ನೀರಿನಲ್ಲಿ ಇವು ಸಿಡಿಯುವ ಬಗೆಯನ್ನೂ ಇತ್ತೀಚೆಗೆ ಹೊಸ ಕಣ್ಣಿನಿಂದ ನೋಡಲಾಗಿದೆ. ಜಲಜನಕ ಹೊತ್ತಿಕೊಳ್ಳುವುದರಿಂದಲೇ ಸ್ಫೋಟವೆಂದು ಹಿಂದಿನಿಂದ ಹೇಳುತ್ತಿದ್ದರು. ಪ್ರಾಗ್ ನಗರದ ವಿಜ್ಞಾನಿಗಳು ಸೋಡಿಯಂ-ಪೊಟ್ಯಾಸಿಯಂ ಬೆರಕೆಯ ಹನಿಯನ್ನು ನೀರಿಗೆ ಬೀಳಿಸಿ ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ೨೦೧೫ರಲ್ಲಿ ಪ್ರಕಟಿಸಿದ ಸಂಗತಿ ಬೇರೆ. ಹನಿ ನೀರನ್ನು ಮುಟ್ಟಿದ ಮಿಲಿಸೆಕೆಂಡಿಗೂ ಕಡಿಮೆ ಕಾಲದಲ್ಲಿ ಅದರ ಮೈಯಿಂದ ಮುಳ್ಳುಗಳಂತಹ ಎಳೆಗಳು ಹೊರಚಿಮ್ಮುತ್ತವೆ. ಎಲೆಕ್ಟ್ರಾನುಗಳೆಲ್ಲ ಒಮ್ಮೆಗೇ ನೀರಿಗೆ ಓಡಿಹೋಗಲಾಗಿ, ಹಿಂದೆ ಉಳಿದ ಧನವಿದ್ಯುತ್ತಿನ ಅಯಾನುಗಳು ಒಂದನ್ನೊಂದು ತಳ್ಳಿ ಹನಿಯನ್ನೇ ಸೀಳಿಬಿಡುತ್ತವೆ. ಹೊಸ ಮೈ ತೆರೆಯುತ್ತದೆ, ಕ್ರಿಯೆ ಇಮ್ಮಡಿಸುತ್ತದೆ. ಬೆಂಕಿ ಬರುವುದು ಆಮೇಲೆ.

ಜಿಪುಣನಿಗೆ ಸಿಕ್ಕ ಸನ್ಮಾನ

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಎಲೆಕ್ಟ್ರಾನನ್ನು ಕೊಡಲು ಎಲ್ಲರಿಗಿಂತ ಹಿಂದೆಮುಂದೆ ನೋಡುವ ಲಿಥಿಯಂ, ವೋಲ್ಟುಗಳ ಪಟ್ಟಿಯಲ್ಲಿ ಋಣ ೩.೦೪ರೊಂದಿಗೆ ಮೊದಲು ನಿಂತಿತೇಕೆ? ಪೊಟ್ಯಾಸಿಯಮ್ಮಿನದು ಋಣ ೨.೯೩. ಸೋಡಿಯಮ್ಮಿನದು ಋಣ ೨.೭೧ ಮಾತ್ರ, ಆ ಪಟ್ಟಿಯಲ್ಲಿ ಅಣ್ಣತಮ್ಮಂದಿರ ನಡುವೆ ಅದೇ ಹಿಂದೆ.

ಲಿಥಿಯಂ ಮನೆಯ ಹಿರಿಯಣ್ಣ, ಸ್ವಲ್ಪ ಜಿಪುಣ. ಕಿಸೆಯಿಂದ ಕಾಸು ತೆಗೆಯಲು ಕಷ್ಟಪಡುತ್ತಾನೆ. ಆದರೆ ನೀರಿನೊಳಗೆ ಕೊಡುವುದಷ್ಟೇ ಲೆಕ್ಕವಲ್ಲ. ಕೊಟ್ಟ ಬಳಿಕ ಆಗುವ ಸನ್ಮಾನವೂ ಲೆಕ್ಕಕ್ಕೆ ಸೇರುತ್ತದೆ. ಎಲೆಕ್ಟ್ರಾನನ್ನು ಕಳೆದುಕೊಂಡ ಲಿಥಿಯಂ ಅಯಾನು ಬಹಳ ಪುಟ್ಟದು. ಧನವಿದ್ಯುತ್ತೆಲ್ಲ ಆ ಪುಟ್ಟ ಮೈಯಲ್ಲಿ ಒತ್ತಾಗಿ ತುಂಬಿದೆ. ಆದುದರಿಂದ ನೀರಿನ ಅಣುಗಳು ಅದರ ಸುತ್ತ ಹಾರ ಹಿಡಿದು ನುಗ್ಗುವಂತೆ ನುಗ್ಗಿ ಬಿಗಿಯಾಗಿ ಸುತ್ತುಗಟ್ಟುತ್ತವೆ. ಹಾಗೆ ಸುತ್ತುಗಟ್ಟುವಾಗ ಹೊರಬರುವ ಶಕ್ತಿ, ದೊಡ್ಡ ಮೈಯ ಸೀಸಿಯಮ್ಮಿಗೆ ದೊರೆಯುವುದರ ಸುಮಾರು ಎರಡರಷ್ಟು. ಕೊಡುವಾಗಿನ ನಷ್ಟವನ್ನೆಲ್ಲ ಈ ಸನ್ಮಾನ ತುಂಬಿಕೊಟ್ಟು ಮಿಗುತ್ತದೆ. ನೀರಿನೊಡನೆ ವರ್ತಿಸಿದಾಗ ಮೋಲ್ ಒಂದಕ್ಕೆ ಸೋಡಿಯಂ ಬಿಡುವ ಶಾಖ ೧೮೪ ಕಿಲೋಜೌಲ್. ಸಾವಧಾನಿಯಾದ ಲಿಥಿಯಂ ಬಿಡುವುದು ೨೨೨.

ಹಾಗಿದ್ದೂ ಬೋಗುಣಿಯಲ್ಲಿ ಅದು ಮೆಲ್ಲಗೆ ವರ್ತಿಸಿದ್ದೇಕೆ? ಎಷ್ಟು ಶಕ್ತಿ ಎಂಬುದು ಒಂದು ಪ್ರಶ್ನೆ. ಎಷ್ಟು ಬೇಗ ಎಂಬುದು ಇನ್ನೊಂದು. ಲಿಥಿಯಂ ಸುಲಭವಾಗಿ ಕರಗುವುದಿಲ್ಲ. ಸೋಡಿಯಮ್ಮಿನಂತೆ ದ್ರವವಾಗಿ ಹೊಸ ಮೈಯನ್ನು ಕ್ಷಣಕ್ಷಣಕ್ಕೂ ನೀರಿಗೆ ಒಡ್ಡುವುದಿಲ್ಲ. ಆತುರದಲ್ಲಿ ಹಿಂದೆ, ಒಟ್ಟು ಬಲದಲ್ಲಿ ಮುಂದೆ. ಎರಡು ಪಟ್ಟಿಗಳೂ ನಿಜ. ಅವು ಅಳೆದದ್ದು ಬೇರೆ ಬೇರೆ ಗುಣಗಳನ್ನು.

ಮೆಟ್ಟಿಲಿನ ಬುಡದ ಬ್ಯಾಟರಿ

ಇದು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಪಟ್ಟ ಸೂಕ್ಷ್ಮವೆಂದು ಯಾರೂ ಭಾವಿಸಬೇಕಾಗಿಲ್ಲ. ಆ ೩.೦೪ ವೋಲ್ಟಿನ ಒತ್ತಡವೂ, ಲೋಹಗಳಲ್ಲೆಲ್ಲ ಹಗುರವೆಂಬ ಗುಣವೂ ಸೇರಿ ಲಿಥಿಯಮ್ಮನ್ನು ಇಂದಿನ ಬ್ಯಾಟರಿಗಳ ರಾಜನನ್ನಾಗಿ ಮಾಡಿವೆ. ೧೯೯೧ರಲ್ಲಿ ಪೇಟೆಗೆ ಬಂದ ಲಿಥಿಯಂ ಅಯಾನು ಬ್ಯಾಟರಿಯೇ ಇಂದು ಕೈಯ ಫೋನಿನಲ್ಲೂ ಬೀದಿಯ ಸ್ಕೂಟರಿನಲ್ಲೂ ಇರುವುದು. ಅದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಸರಿಯಾದ ಬ್ಯಾಟರಿಯೊಳಗೆ ಓಡಾಡುವುದು ಲಿಥಿಯಂ ಲೋಹವಲ್ಲ, ಅದರ ಅಯಾನು. ಆದರೆ ಹೊಂದದ ಚಾರ್ಜರಿನಿಂದ ಅತಿಯಾಗಿ ತುಂಬಿಸಿದರೆ, ಒಳಗೆ ಲೋಹವೇ ಸೂಜಿಯಂತೆ ಬೆಳೆಯಬಹುದು. ಅದು ನಡುವಿನ ತೆಳುಪರದೆಯನ್ನು ಚುಚ್ಚಿದರೆ ಶಾಖವೇರುತ್ತದೆ, ಒಳಗಿನ ದ್ರವ ಹೊತ್ತಿಕೊಳ್ಳುತ್ತದೆ, ಒಂದು ಕೋಶದಿಂದ ಇನ್ನೊಂದಕ್ಕೆ ಬೆಂಕಿ ದಾಟುತ್ತದೆ. ಮಹಡಿಯಲ್ಲಿ ಮಲಗಿದವರಿಗೆ ಇಳಿಯುವ ದಾರಿ ಆ ಮೆಟ್ಟಿಲೊಂದೇ ಆಗಿದ್ದರೆ ಗತಿಯೇನು? ಆದುದರಿಂದ ಬ್ಯಾಟರಿಯನ್ನು ಹೊರಹೋಗುವ ದಾರಿಯಲ್ಲಿ ಇಡಬಾರದು. ಎಲ್ಲರೂ ನಿದ್ರಿಸುವಾಗ ಚಾರ್ಜಿಗೆ ಹಚ್ಚಬಾರದು. ಅದರೊಡನೆ ಬಂದ ಚಾರ್ಜರನ್ನೇ ಬಳಸಬೇಕು. ಉಬ್ಬಿದ ಅಥವಾ ಬಿದ್ದು ಜಜ್ಜಿದ ಬ್ಯಾಟರಿಯನ್ನು ಮುಟ್ಟಗೊಡಬಾರದು. ಬೆಂಕಿಯೆದ್ದರೆ ಮನೆಯವರು ಮೊದಲು ಹೊರಗೆ ಬಂದು ೧೦೧ ಅಥವಾ ೧೧೨ಕ್ಕೆ ಕರೆಮಾಡಬೇಕು. ಇಲ್ಲಿಯೂ ಒಂದು ಭೇದವುಂಟು: ಪ್ರಯೋಗಶಾಲೆಯ ಸೋಡಿಯಂ ಲೋಹದ ಬೆಂಕಿಗೆ ನೀರು ಶತ್ರು, ಒಣ ಮರಳೇ ಮಿತ್ರ, ಲಿಥಿಯಂ ಅಯಾನು ಬ್ಯಾಟರಿಯ ಬೆಂಕಿಯನ್ನು ತಣಿಸಲು ಅಗ್ನಿಶಾಮಕರು ಧಾರಾಳವಾಗಿ ಸುರಿಯುವುದು ನೀರನ್ನೇ. ಲೋಹವೇ ಬೇರೆ, ಅಯಾನೇ ಬೇರೆ.

ಇಷ್ಟು ಬೇಡಿಕೆಯ ಲಿಥಿಯಂ ಕನ್ನಡ ನಾಡಿನಲ್ಲಿ ಇಲ್ಲವೆ? ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಸುತ್ತಿನ ಬಂಡೆಗಳಲ್ಲಿ ಉಂಟು. ೨೦೨೦ರಲ್ಲಿ ಅದು ೧೪,೧೦೦ ಟನ್ ಇದ್ದೀತೆಂಬ ಅಂದಾಜು ಪತ್ರಿಕೆಗಳಲ್ಲಿ ಬಂದು ಬಹಳ ಆಸೆ ಹುಟ್ಟಿಸಿತು. ೨೦೨೧ರಲ್ಲಿ ಪರಮಾಣು ಖನಿಜಗಳ ನಿರ್ದೇಶನಾಲಯದ ಸಮೀಕ್ಷೆಯನ್ನು ಆಧರಿಸಿ ಸರ್ಕಾರ ತಿಳಿಸಿದ ಅಂಕಿ ೧,೬೦೦ ಟನ್. ಸೋಡಿಯಮ್ಮಿಗೆ ಇಂತಹ ಬಡತನವಿಲ್ಲ, ಕಡಲೆಲ್ಲ ಅದೇ. ಅಣ್ಣನ ಬದಲು ತಮ್ಮನನ್ನು ದುಡಿಸಬಾರದೇಕೆಂದು ವಿಜ್ಞಾನಿಗಳು ಕೇಳಿಕೊಂಡಿದ್ದಾರೆ. ಉತ್ತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಸೋಡಿಯಂ ಅಯಾನು ಬ್ಯಾಟರಿಯೊಂದರ ಸುದ್ದಿ ೨೦೨೫ರಲ್ಲಿ ಪ್ರಕಟವಾಯಿತು. ಆರು ನಿಮಿಷದಲ್ಲಿ ನೂರಕ್ಕೆ ಎಂಬತ್ತರಷ್ಟು ತುಂಬುವ, ಮೂರು ಸಾವಿರಕ್ಕೂ ಹೆಚ್ಚು ಸಲ ತುಂಬಿ ಬಳಸಬಹುದಾದ ಬ್ಯಾಟರಿ ಅದು. ಆದರೆ ಅಲ್ಲಿಯೂ ಲಿಥಿಯಂ ಇದ್ದ ಜಾಗದಲ್ಲಿ ಸೋಡಿಯಮ್ಮನ್ನು ಸುಮ್ಮನೆ ಕೂರಿಸಿದರೆ ಸಾಗದು. ಸೋಡಿಯಂ ಪರಮಾಣು ಮೂರು ಪಟ್ಟಿಗೂ ಮಿಕ್ಕಿ ಭಾರ, ಅಯಾನು ದೊಡ್ಡದು, ವೋಲ್ಟ್ ಕಡಿಮೆ. ಅದರ ಮೈಗೆ ತಕ್ಕಂತೆ ಒಳಗಿನ ಮನೆಯನ್ನೇ ಬೇರೆಯಾಗಿ ಕಟ್ಟಬೇಕು.

ಅಜ್ಜಿಯ ಉಪ್ಪಿನ ಪೊಟ್ಟಣ

ಅಡುಗೆಯ ಉಪ್ಪಿನಲ್ಲಿಯೂ ಸೋಡಿಯಂ ಇದೆ. ಅದು ಸಾರಿನ ಪಾತ್ರೆಯಲ್ಲಿ ಸಿಡಿಯುವುದಿಲ್ಲವೇಕೆ? ಕೊಡಬೇಕಾದ ಎಲೆಕ್ಟ್ರಾನನ್ನು ಅದು ಎಂದೋ ಕ್ಲೋರಿನ್ನಿಗೆ ಕೊಟ್ಟು ಶಾಂತವಾಗಿದೆ. ಋಣ ತೀರಿದ ಮೇಲೆ ಆತುರದ ಮಾತಿಲ್ಲ. ಅಯಾನುಗಳ ಲೋಕದಲ್ಲಿ ಉಳಿಯುವ ಮುಖ್ಯ ಭೇದ ಗಾತ್ರದ್ದು: ತ್ರಿಜ್ಯ ಲಿಥಿಯಮ್ಮಿಗೆ ೭೬, ಸೋಡಿಯಮ್ಮಿಗೆ ೧೦೨, ಪೊಟ್ಯಾಸಿಯಮ್ಮಿಗೆ ೧೩೮ ಪಿಕೋಮೀಟರ್. ಕೂದಲೆಳೆಗೂ ಎಷ್ಟೋ ಪಾಲು ಕಿರಿದಾದ ಈ ಭೇದವನ್ನು ದೇಹ ತಪ್ಪದೆ ಗುರುತಿಸುತ್ತದೆ. ಪ್ರತಿ ಜೀವಕೋಶದ ಗೋಡೆಯಲ್ಲಿಯೂ ಒಂದು ಏತವಿದೆ. ಮೂರು ಸೋಡಿಯಮ್ಮನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಮ್ಮನ್ನು ಒಳಗೆ ತಂದುಕೊಳ್ಳುತ್ತದೆ. ಇದನ್ನು ೧೯೫೭ರಲ್ಲಿ ತಿಳಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ ೧೯೯೭ರಲ್ಲಿ ನೊಬೆಲ್ ಸಂದಿತು. ಹೃದಯದ ಬಡಿತ, ನರಗಳ ಸಂದೇಶ, ಎಲ್ಲವೂ ಈ ಏತದ ಮೇಲೆ ನಿಂತಿವೆ.

ಸೋಡಿಯಂ ಕಡಿಮೆಯಿರುವ ಉಪ್ಪೆಂದರೆ ಸಾಮಾನ್ಯವಾಗಿ ಸೋಡಿಯಂ ಕ್ಲೋರೈಡಿನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿದ್ದು. ರಕ್ತದೊತ್ತಡವನ್ನು ಇಳಿಸುವಲ್ಲಿ ಅದು ಉಪಕಾರಿಯೆಂಬುದು ನಿಜ. ವಯಸ್ಕರು ಸಾಧಾರಣ ಉಪ್ಪಿನ ಬದಲು ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರಲ್ಲಿ ಸೂಚಿಸಿದೆ. ಆದರೆ ಅದೇ ಸೂಚನೆಯು ಮೂತ್ರಪಿಂಡದ ದೌರ್ಬಲ್ಯವುಳ್ಳವರನ್ನೂ ಗರ್ಭಿಣಿಯರನ್ನೂ ಮಕ್ಕಳನ್ನೂ ಹೊರತುಪಡಿಸಿದೆ. ರಕ್ತದಲ್ಲಿ ಸೋಡಿಯಮ್ಮಿನ ಸಾಧಾರಣ ಮಟ್ಟ ಲೀಟರಿಗೆ ೧೩೫ರಿಂದ ೧೪೫ ಮಿಲಿಮೋಲ್, ಪೊಟ್ಯಾಸಿಯಮ್ಮಿನದು ೩.೫ರಿಂದ ೫ ಮಾತ್ರ. ಮೂತ್ರಪಿಂಡ ದಣಿದಿದ್ದರೆ ಹೆಚ್ಚಾದ ಪೊಟ್ಯಾಸಿಯಂ ಹೊರಹೋಗದೆ ಹೃದಯದ ತಾಳವನ್ನೇ ಕೆಡಿಸಬಲ್ಲದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಮ್ಮನ್ನು ಏರಿಸುತ್ತವೆ. ನೆರೆಮನೆಯವರಿಗೆ ಅಮೃತವಾದದ್ದು ಅಜ್ಜಿಗೆ ಹಾಗಾಗಲೇಬೇಕೆಂದಿಲ್ಲ.

ಹಿರಿಯಣ್ಣನನ್ನು ಉಪ್ಪಿನ ಜಾಗದಲ್ಲಿ ಕೂರಿಸಿದ ಕಥೆಯೂ ಉಂಟು. ೧೯೪೦ರ ದಶಕದಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಉಪ್ಪಿನ ಬದಲಾಗಿ ಲಿಥಿಯಂ ಕ್ಲೋರೈಡನ್ನು ಮಾರಿದರು. ರುಚಿ ಉಪ್ಪಿನಂತೆಯೇ. ವಿಷವೇರಿ ಸಾವುಗಳು ಸಂಭವಿಸಲಾಗಿ ೧೯೪೯ರಲ್ಲಿ ಅದನ್ನು ನಿಲ್ಲಿಸಿದರು. ಆಶ್ಚರ್ಯವೆಂದರೆ, ಅದೇ ೧೯೪೯ರಲ್ಲಿ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್, ಮನಸ್ಸಿನ ಉನ್ಮಾದವನ್ನು ಲಿಥಿಯಂ ಶಮನಗೊಳಿಸುತ್ತದೆಂದು ಪ್ರಕಟಿಸಿದನು. ಇಂದಿಗೂ ಅದು ಅಮೂಲ್ಯ ಔಷಧ. ಆದರೆ ರಕ್ತವನ್ನು ಮತ್ತೆಮತ್ತೆ ಪರೀಕ್ಷಿಸಿ, ಅಳೆದು ಕೊಡುವ ಔಷಧ. ಅದನ್ನು ಸೇವಿಸುವವರು ವೈದ್ಯರಿಗೆ ತಿಳಿಸದೆ ಉಪ್ಪನ್ನು ಥಟ್ಟನೆ ಬಿಟ್ಟರೆ, ಮೂತ್ರಪಿಂಡವು ಸೋಡಿಯಮ್ಮಿನೊಡನೆ ಲಿಥಿಯಮ್ಮನ್ನೂ ಹಿಡಿದಿಟ್ಟು, ಔಷಧವೇ ವಿಷವಾಗುವ ಸಂಭವವುಂಟು.

ಗೊರಗುಂಟೆಪಾಳ್ಯದ ಆ ಮನೆಯಲ್ಲಿ ಮೊಮ್ಮಗಳು ಇಷ್ಟನ್ನೂ ಅಜ್ಜಿಗೆ ಹೇಳಿ ಮುಗಿಸುವ ಹೊತ್ತಿಗೆ ಅಣ್ಣನು ಬ್ಯಾಟರಿಯನ್ನು ಮೆಟ್ಟಿಲಿನ ಬುಡದಿಂದ ಎತ್ತಿ ಹೊರಗಿನ ಜಗಲಿಗೆ ಸಾಗಿಸಿದ್ದನು. ಅಜ್ಜಿ ಪೊಟ್ಟಣದ ಬಾಯಿಯನ್ನು ಮಡಿಸಿ ಮೇಲಿನ ಹಲಗೆಯಲ್ಲಿಟ್ಟರು. ರಕ್ತಪರೀಕ್ಷೆಯ ಚೀಟಿಯನ್ನು ವೈದ್ಯರಿಗೆ ತೋರಿಸಿದ ಮೇಲಷ್ಟೇ ಅದನ್ನು ಇಳಿಸುವುದೆಂದು ತೀರ್ಮಾನವಾಯಿತು.

“ಅಲ್ಲ ಕಣೆ,” ಎಂದರು ಅಜ್ಜಿ, “ಅಣ್ಣತಮ್ಮಂದಿರು ಅಂದಮಾತ್ರಕ್ಕೆ ಒಬ್ಬನ ಮದ್ದು ಇನ್ನೊಬ್ಬನಿಗೆ ಕುಡಿಸೋಕಾಗುತ್ತ? ಇದನ್ನ ತಿಳಿಯೋಕೆ ಇಷ್ಟು ದಪ್ಪ ಪುಸ್ತಕ ಬೇಕಿತ್ತ?”

ಮೊಮ್ಮಗಳು ನಕ್ಕು, ತನ್ನ ಬಾಯಿಪಾಠದ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು: “ಯಾವ ಅಳತೆಯಲ್ಲಿ?”